ಊರಿಗೆ ಬಿಟ್ಟ ಮೂಲೆ

ಅವಳಿಗೆ ರಬ್ಬರು ಎಂದು ಹೆಸರಿಟ್ಟವನು ಅವಳ ಅಪ್ಪ. ಕೇಳಿ ನಗಬೇಡಿ, ಆ ಹೆಸರನ್ನು ಅವಳು ದುಡಿದು ಸಂಪಾದಿಸಿದ್ದು. ಅಪ್ಪ ಬೋರ್ಡು ಬರೆಯುವ ಪೇಂಟರು. ಅಂಗಡಿಯ ಬೋರ್ಡು, ಬಸ್ಸಿನ ಬೆನ್ನು, ಗೋದಾಮಿನ ಗೋಡೆ, ಎಲ್ಲಿ ಬರೆ ಅಂದರೂ ಬರೆಯುತ್ತಿದ್ದ. ಸೀಮೆಸುಣ್ಣದ ಪುಡಿ ಹಚ್ಚಿದ ದಾರವನ್ನು ಗೋಡೆಯ ಈ ತುದಿಯಿಂದ ಆ ತುದಿಗೆ ಬಿಗಿಯಾಗಿ ಹಿಡಿದು ಫಟ್ಟೆಂದು ಬಿಟ್ಟರೆ ನೆಟ್ಟಗೆ ಒಂದು ಗೆರೆ ಮೂಡುತ್ತಿತ್ತು. ಆ ಗೆರೆಗಳ ನಡುವೆ ಅಕ್ಷರಗಳನ್ನು ಕೂರಿಸುತ್ತಿದ್ದ. ಬಣ್ಣ ಒಣಗಿದ ಮೇಲೆ ಗೆರೆಗಳನ್ನು ಅಳಿಸುವ ಕೆಲಸ ಮಗಳದು. ಏಳು ವರ್ಷದ ಹುಡುಗಿ ಸ್ಟೂಲು ಹತ್ತಿ, ಒದ್ದೆ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಮೂಗು ಗೋಡೆಗೆ ತಾಗುವಷ್ಟು ಹತ್ತಿರ ನಿಂತು ಒರೆಸುತ್ತಿದ್ದಳು. ಕೆಳಗಿನಿಂದ ಅಪ್ಪನ ಕೂಗು ಒಂದು ದಿನವೂ ತಪ್ಪಿದ್ದಿಲ್ಲ.

"ಗೆರೆ ಅಳಿಸು ತಾಯಿ, ಅಕ್ಷರ ಮುಟ್ಟಬೇಡ!"

"ಗೊತ್ತಪ್ಪಾ! ದಿನಾ ಎಷ್ಟು ಸಲ ಹೇಳ್ತೀಯ?"

ಅಪ್ಪನಿಗೆ ಇನ್ನೊಂದು ಹಟವಿತ್ತು. ದೊಡ್ಡ ಗೋಡೆಯ ಮೇಲೆ ಸೋಪಿನದೋ ಸಿಮೆಂಟಿನದೋ ಜಾಹೀರಾತು ಬರೆಯುವಾಗ ಮೇಲಿನ ಬಲಮೂಲೆಯಲ್ಲಿ ಎರಡು ಮೊಳ ಜಾಗವನ್ನು ಖಾಲಿ ಬಿಡುತ್ತಿದ್ದ. ಊರಿನಲ್ಲಿ ಯಾರಾದರೂ ತೀರಿಹೋದರೆ, ಯಾರದಾದರೂ ಮಗು ಕಾಣೆಯಾದರೆ, ನೀರು ಬರುವುದಿಲ್ಲವೆಂದಾದರೆ ಏಣಿ ಹತ್ತಿ ಅಲ್ಲಿ ಸೀಮೆಸುಣ್ಣದಲ್ಲಿ ಬರೆದು ಇಳಿಯುತ್ತಿದ್ದ. ಅದಕ್ಕೆ ಯಾರ ಬಳಿಯೂ ಕೈ ಚಾಚುತ್ತಿರಲಿಲ್ಲ. ಕಂಪನಿಯವನೊಬ್ಬ ಬಂದು ಒಮ್ಮೆ ತಕರಾರು ತೆಗೆದ.

"ಇದೇನ್ರೀ, ದುಡ್ಡು ಕೊಡೋದು ಪೂರ್ತಿ ಗೋಡೆಗೆ, ನೀವು ಮೂಲೆ ಬೋಳು ಬಿಟ್ಟಿದ್ದೀರಲ್ಲ?"

"ಗೋಡೆ ನಿಮ್ದು, ಮೂಲೆ ಊರಿಂದು ಸ್ವಾಮಿ. ಮೂಲೇಲಿ ಏನು ಬರೆದಿದೆ ಅಂತಾನೇ ಜನ ಕತ್ತೆತ್ತಿ ನೋಡೋದು. ಆಗ ನಿಮ್ಮ ಸೋಪೂ ಕಾಣುತ್ತೆ. ಇಲ್ದಿದ್ರೆ ನಿಮ್ಮ ಸೋಪನ್ನ ಯಾವ ಪುಣ್ಯಾತ್ಮ ನೋಡ್ತಾನೆ ಹೇಳಿ?"

ಬಂದವನು ಮೂಲೆಯನ್ನು ಇನ್ನೊಮ್ಮೆ ನೋಡಿ, ದುಡ್ಡು ಎಣಿಸಿ ಕೊಟ್ಟು ಹೋದ.

ರಬ್ಬರಿಗಿಂತ ಐದು ವರ್ಷ ದೊಡ್ಡವನು ಅವಳ ಅಣ್ಣ. ಅವನು ಊರಿನಲ್ಲೇ ಉಳಿದು ಸಣ್ಣದೊಂದು ಪತ್ರಿಕೆ ಮಾಡಿದ. ಮೊದಲು ಕಾಗದದ ಮೇಲೆ ಅಚ್ಚು ಹಾಕಿ ಹಂಚುತ್ತಿದ್ದ, ಕಾಗದ ಕೊಳ್ಳುವವರು ಕಡಿಮೆಯಾದ ಮೇಲೆ ಫೋನಿನಲ್ಲಿ ಓದುವ ಪತ್ರಿಕೆ ಮಾಡಿದ. ಪುಟದ ಮೇಲಿನ ಬಲಮೂಲೆಯಲ್ಲಿ ಒಂದು ಚೌಕ ಇಟ್ಟ. ಮಾಮೂಲಿ ದಿನಗಳಲ್ಲಿ ಆ ಚೌಕದೊಳಗೆ ದೊಡ್ಡ ಕಂಪನಿಯೊಂದು ಕಳಿಸುವ ಜಾಹೀರಾತು ಬಂದು ಕೂರುತ್ತಿತ್ತು, ಪತ್ರಿಕೆಯ ಹೊಟ್ಟೆ ತುಂಬುತ್ತಿದ್ದದ್ದು ಅದರಿಂದಲೇ. ಆದರೆ ಸಾವು, ಕಳವು, ಕಾಣೆ ಎಂದು ಏನಾದರೂ ಬಂದರೆ ಜಾಹೀರಾತನ್ನು ಕಿತ್ತು ಅಲ್ಲಿ ಊರಿನ ಸುದ್ದಿ ಹಾಕುತ್ತಿದ್ದ. ಅಪ್ಪನ ಮಗ, ಇನ್ನೇನು ಮಾಡಿಯಾನು! ಊರಿನಲ್ಲಿ ಎದುರಾದವರು "ಮೂಲೆ ನೋಡಿದ್ರಾ?" ಎಂದು ಕೇಳುವುದು ರೂಢಿಯಾಯಿತು.

ರಬ್ಬರು ಓದಿ, ರೈಲಿನಲ್ಲಿ ಮೂರು ಗಂಟೆ ದೂರದ ಪಟ್ಟಣಕ್ಕೆ ಕೆಲಸಕ್ಕೆ ಹೋದಳು. ಕಂಪ್ಯೂಟರಿನಲ್ಲಿ ಏನಾದರೂ ಓದಲು ಕುಳಿತರೆ ಕುಣಿಯುತ್ತ, ಮಿನುಗುತ್ತ, ಕಿರುಚುತ್ತ ಅಡ್ಡ ಬರುವ ಜಾಹೀರಾತುಗಳನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಅಂಥವನ್ನು ಕಾಣದಂತೆ ಮಾಡುವ ಒಂದು ಪಟ್ಟಿಯನ್ನು ನಾಲ್ಕಾರು ಜನ ಆಸಕ್ತರು ಬಿಡುವಿನಲ್ಲಿ ಬರೆಯುತ್ತಿದ್ದರು. ಇವಳೂ ಸೇರಿಕೊಂಡಳು. ಪುಟದಲ್ಲಿರುವ ಪ್ರತಿ ಚೌಕಕ್ಕೂ ಒಳಗಿನಿಂದ ಒಂದು ಹೆಸರಿರುತ್ತದೆ. ಇಂಥ ಹೆಸರಿನ ಚೌಕ ಕಂಡರೆ ಮುಚ್ಚು ಎಂದು ಒಂದು ಸಾಲು ಬರೆದರೆ ಸಾಕು, ಆ ಹೆಸರಿನ ಚೌಕ ಜಗತ್ತಿನಲ್ಲಿ ಎಲ್ಲಿದ್ದರೂ ಮಾಯ. ಇವಳ ಕಣ್ಣು ಎಷ್ಟು ಚುರುಕಾಗಿತ್ತೆಂದರೆ, ಫೋನಿನಲ್ಲಿ ಪುಟಗಳನ್ನು ತೆರೆದು ತೋರಿಸುವ ಬ್ರೌಸರ್ ತಯಾರಿಸುವ ಕಂಪನಿಯೊಂದು ಅವಳನ್ನು ಕರೆದು ಇದೇ ಕೆಲಸಕ್ಕೆ ಸಂಬಳ ಕೊಟ್ಟಿತು. ಕಿಟಕಿಯ ಪಕ್ಕದ ಮೇಜು, ಎರಡು ಪರದೆ, ಬೆನ್ನಿಗೆ ಒಂದು ದಿಂಬು. ಹನ್ನೊಂದು ವರ್ಷ ಅವಳು ಅಲ್ಲಿ ಕುಳಿತು ಅಳಿಸಿದಳು.

"ನಾನು ಗೋಡೆ ತುಂಬಾ ಬರೆದೆ, ಇವಳು ಊರೂರಿನ ಗೋಡೆ ಒರೆಸ್ತಾಳೆ" ಎಂದು ಅಪ್ಪ ಕಂಡಕಂಡವರ ಮುಂದೆ ಹೇಳಿಕೊಂಡು ನಗುತ್ತಿದ್ದ. "ನಮ್ಮ ಮನೆ ಪಾಪ ಎಲ್ಲಾ ತೊಳೆದುಹೋಯ್ತು ಬಿಡಿ!"

ಅಣ್ಣನ ಪುಟದ ಮೂಲೆಯಲ್ಲಿದ್ದ ಚೌಕಕ್ಕೂ ಜಾಹೀರಾತಿನ ಚೌಕದ ಹೆಸರೇ ಇತ್ತು. ಅದು ಅವಳಿಗೆ ಮೊದಲೇ ಗೊತ್ತಿತ್ತು. ಅದಕ್ಕೇ ಪಟ್ಟಿಯ ಕೊನೆಯಲ್ಲಿ, ವಿನಾಯಿತಿಗಳ ಸಾಲಿನಲ್ಲಿ, ಆ ಒಂದು ಪುಟವನ್ನು ಬಿಡು ಎಂದು ತಾನೇ ಬರೆದಿದ್ದಳು. ಪ್ರತಿ ಸಾಲಿನ ಪಕ್ಕ ಕಾರಣ ಬರೆಯುವ ಪದ್ಧತಿ. ಅವಳು ಬರೆದ ಕಾರಣ: "ಅಪ್ಪನ ಮೂಲೆ. ಮುಟ್ಟಬೇಡಿ."

ಆಮೇಲೆ ದೊಡ್ಡವರ ಜಗಳ ಶುರುವಾಯಿತು. ಇವಳ ಕಂಪನಿ ಬ್ರೌಸರ್ ಮಾಡುವುದು, ಎದುರು ಕಂಪನಿಯೂ ಬ್ರೌಸರ್ ಮಾಡುವುದು. ವ್ಯತ್ಯಾಸ ಇಷ್ಟೇ, ಎದುರಿನವರ ಅನ್ನ ಬರುವುದು ಜಾಹೀರಾತಿನಿಂದ. ಅಣ್ಣನ ಚೌಕಕ್ಕೆ ಜಾಹೀರಾತು ಕಳಿಸುತ್ತಿದ್ದದ್ದೂ ಅವರೇ. ಅಲ್ಲಿಯವರೆಗೆ ಜಾಹೀರಾತು ಮುಚ್ಚುವ ಸೌಲಭ್ಯ ಬೇಕಾದವರು ತಾವೇ ಹುಡುಕಿ ಹಾಕಿಕೊಳ್ಳಬೇಕಿತ್ತು, ನೂರಕ್ಕೆ ನಾಲ್ಕು ಜನ ಹಾಕಿಕೊಂಡರೆ ಹೆಚ್ಚು. ಒಂದು ಸೋಮವಾರ ಸಾಹೇಬರು ಎಲ್ಲರನ್ನೂ ಗಾಜಿನ ಕೋಣೆಗೆ ಕರೆದರು.

"ಇನ್ನು ಮೇಲೆ ಇದು ಬ್ರೌಸರಿನ ಒಳಗೇ ಬರುತ್ತೆ. ಯಾರೂ ಏನೂ ಒತ್ತಬೇಕಾಗಿಲ್ಲ, ಫೋನು ಕೈಗೆ ಬಂದಾಗಲೇ ಚಾಲೂ. ಅವರ ಹೊಟ್ಟೆ ಇರೋದೇ ಅಲ್ಲಿ, ನಾವು ಹೊಡೀಬೇಕಾಗಿರೋದೂ ಅಲ್ಲೇ."

ಹೊರಗಿನವರಿಗೆ ಕೊಟ್ಟ ಪ್ರಕಟಣೆಯಲ್ಲಿ ಮಾತ್ರ "ನಿಮ್ಮ ನೆಮ್ಮದಿಗಾಗಿ" ಎಂದಿತ್ತು. ನೆಮ್ಮದಿಯಂತೆ ನೆಮ್ಮದಿ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರು ಎಲ್ಲ ಕಾಲದಲ್ಲೂ ಇದ್ದಾರೆ, ಇವರು ಅದಕ್ಕೊಂದು ಚಂದದ ಹೆಸರು ಕೊಟ್ಟರು ಅಷ್ಟೆ.

ಸಭೆ ಮುಗಿದ ಮೇಲೆ ಸಾಹೇಬರು ಇವಳನ್ನು ನಿಲ್ಲಿಸಿಕೊಂಡರು. "ಮೇಡಂ, ಆ ವಿನಾಯಿತಿಗಳೆಲ್ಲಾ ಹೋಗಬೇಕು. ಒಂದೇ ಒಂದು ಉಳಿದ್ರೂ, ತಮಗೆ ಬೇಕಾದೋರನ್ನ ಬಿಟ್ಟಿದ್ದಾರೆ ಅಂತ ಅವರು ಕೋರ್ಟಿಗೆ ಎಳೀತಾರೆ."

"ಒಂದೊಂದಾಗಿ ನೋಡಿ ತೆಗೀತೀನಿ ಸಾರ್. ಎರಡು ವಾರ ಕೊಡಿ."

"ಶುಕ್ರವಾರ ಬಿಡುಗಡೆ ಇದೆಯಲ್ಲ ಮೇಡಂ."

ನಾನೂರಕ್ಕೂ ಹೆಚ್ಚು ಸಾಲುಗಳಿದ್ದವು. ಗುರುವಾರ ಸಂಜೆ ಅವಳು ಮೇಲಿನಿಂದ ಕೆಳಗಿನವರೆಗೆ ಗುರುತು ಹಾಕಿ ಒಂದೇ ಏಟಿಗೆ ಅಳಿಸಿದಳು. ಕಾರಣದ ಜಾಗದಲ್ಲಿ "ಎಲ್ಲರಿಗೂ ಒಂದೇ ನಿಯಮ" ಎಂದು ಬರೆದಳು. ಅಳಿಸಿದವರ ಹೆಸರು ತಾನಾಗಿಯೇ ದಾಖಲಾಯಿತು. ಅಣ್ಣನ ಪುಟ ಅದರಲ್ಲಿದೆ ಎಂಬುದು ನೆನಪಿತ್ತು. ಜಾಹೀರಾತು ನಿಂತರೆ ಅಣ್ಣನಿಗೆ ಕಷ್ಟವಾಗುತ್ತದೆ ಎಂದೂ ಅನ್ನಿಸಿತ್ತು, ಬೇರೆ ದಾರಿ ಹುಡುಕಿ ಕೊಟ್ಟರಾಯಿತು ಎಂದುಕೊಂಡಳು. ಆದರೆ ಮೂಲೆ? ಮೂಲೆ ಮರೆತೇ ಹೋಗಿತ್ತು. ಹನ್ನೊಂದು ವರ್ಷ ಚೌಕಗಳನ್ನು ಜಾಹೀರಾತು, ಜಾಹೀರಾತು ಎಂದೇ ನೋಡಿದ ಕಣ್ಣು, ಆ ಚೌಕದೊಳಗೆ ಊರೂ ಬಂದು ಕೂರುತ್ತದೆಂಬುದನ್ನು ಮರೆತಿತ್ತು.

ತಿಂಗಳೊಳಗೆ ಅಣ್ಣನ ಫೋನು ಬಂತು.

"ಅವರಿಬ್ಬರೂ ಹೊಡೆದಾಡ್ಕೊಂಡು ಸಾಯ್ಲಿ. ನನ್ನ ಹೊಟ್ಟೆ ಮೇಲೆ ಯಾಕಮ್ಮಾ ಹೊಡೀತೀಯ?"

"ನಾನೇನು ನಿನಗೆ ಅಂತ ಮಾಡಿದ್ನಾ ಅಣ್ಣಾ? ನಿಯಮ ಎಲ್ಲರಿಗೂ ಒಂದೇ."

"ಒಡಹುಟ್ಟಿದೋನಿಗೂ ಅದೇ ನಿಯಮ, ದಾರಿಹೋಕನಿಗೂ ಅದೇ ನಿಯಮ. ಭೇಷ್! ನಿನ್ನ ನಿಯಮ ನೀನೇ ತಬ್ಕೊಂಡು ಮಲಗು."

ಮಾತಿಗೆ ಮಾತು ಬೆಳೆಯಿತು. ಅವಳೂ ಬಿಡಲಿಲ್ಲ, ಕಸದಂಥ ಜಾಹೀರಾತು ನಂಬಿಕೊಂಡು ಪತ್ರಿಕೆ ನಡೆಸುವುದೂ ಒಂದು ಬಾಳೇ ಎಂದುಬಿಟ್ಟಳು. ಅಣ್ಣ ಫೋನು ಕುಕ್ಕಿದ. ಅಪ್ಪನ ಹಟ ಇಬ್ಬರಿಗೂ ಸಮಪಾಲು ಬಂದಿತ್ತು, ಆರು ತಿಂಗಳು ಒಬ್ಬರಿಗೊಬ್ಬರು ಮಾತಾಡಲಿಲ್ಲ. ಅಪ್ಪ ಹೇಗಿದ್ದಾನೆಂದು ಅತ್ತಿಗೆಯನ್ನು ಕೇಳುತ್ತಿದ್ದಳು. ಅಪ್ಪನಿಗೆ ಮರೆವು ಹೆಚ್ಚುತ್ತಿತ್ತು. ಮುಖಗಳು ಮರೆತುಹೋಗಿ ಅಕ್ಷರಗಳು ಮಾತ್ರ ಉಳಿದಿದ್ದವು. ಸೊಸೆಯನ್ನೇ ಯಾರಮ್ಮ ನೀನು ಎಂದು ಕೇಳಿ, ಮರುಗಳಿಗೆಯಲ್ಲಿ ಎದುರಂಗಡಿಯ ಬೋರ್ಡಿನಲ್ಲಿ ಎರಡನೇ ಅಕ್ಷರ ಒಂದು ಕಡೆ ವಾಲಿದೆ ಎಂದು ಬೇಸರಪಟ್ಟುಕೊಳ್ಳುತ್ತಿದ್ದ.

"ನಿಮ್ಮಣ್ಣ ಮೊನ್ನೆ ನೀರು ಬರಲ್ಲ ಅಂತ ಮೂಲೇಲಿ ಹಾಕಿದ್ರೂ ಬೀದೀಲಿ ಒಬ್ಬರೂ ನೀರು ಹಿಡಿದಿಟ್ಕೊಂಡಿಲ್ಲ ಕಣೇ" ಎಂದು ಅತ್ತಿಗೆ ಒಮ್ಮೆ ಹೇಳಿದ್ದಳು. "ಜನ ಓದೋದೇ ಬಿಟ್ಟಿದ್ದಾರೆ ಅಂತ ಕೊರಗ್ತಾರೆ." ರಬ್ಬರು ಹೂಂಗುಟ್ಟಿದಳು. ಅಯ್ಯೋ, ಆಗಲಾದರೂ ಒಮ್ಮೆ ತಲೆಗೆ ಹೊಳೆಯಬಾರದಿತ್ತೇ!

ಚಳಿಗಾಲದ ಒಂದು ಮಂಗಳವಾರ ಬೆಳಿಗ್ಗೆ ಅಪ್ಪ ಚಪ್ಪಲಿ ಮೆಟ್ಟಿಕೊಂಡು ಮನೆಯಿಂದ ಹೊರಬಿದ್ದ. ಅತ್ತಿಗೆ ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಬಾಗಿಲು ತೆರೆದಿತ್ತು. ಪೊಲೀಸರಿಗೆ ಹೇಳಿದರು, ಆಸ್ಪತ್ರೆ ನೋಡಿದರು, ರೈಲು ನಿಲ್ದಾಣ ನೋಡಿದರು. ಮಧ್ಯಾಹ್ನ ಅತ್ತಿಗೆ ಅಳುತ್ತ ರಬ್ಬರಿಗೆ ಫೋನು ಮಾಡಿದಳು. ರಬ್ಬರು ಕುಳಿತಲ್ಲೇ ಫೋನಿನಲ್ಲಿ ಅಣ್ಣನ ಪತ್ರಿಕೆ ತೆರೆದಳು. ಆಗ ಗಂಟೆ ಹನ್ನೆರಡೂವರೆ. ನಗರಸಭೆಯ ಸುದ್ದಿ ಇತ್ತು, ಆಟದ ಸುದ್ದಿ ಇತ್ತು, ರಸ್ತೆ ಅಗೆದಿದ್ದು ಇತ್ತು. ಅಪ್ಪ ಇರಲಿಲ್ಲ.

ಅವಳಿಗೆ ರೇಗಿಹೋಯಿತು. ಊರಿನವರ ನಾಯಿ ಕಳೆದರೂ ಸುದ್ದಿ ಮಾಡುವವನು, ಹೆತ್ತ ಅಪ್ಪ ಕಾಣೆಯಾದರೆ ಎರಡು ಸಾಲು ಹಾಕಬಾರದೇ? ಅಣ್ಣನಿಗೆ ಫೋನು ಮಾಡಿ ಕೇಳಬಹುದಿತ್ತು. ಬೆರಳು ಅವನ ಹೆಸರಿನ ಮೇಲೆ ಬಂದು ನಿಂತಿತು ಕೂಡ. ಆರು ತಿಂಗಳ ಮೌನವನ್ನು ತಾನೇ ಮೊದಲು ಮುರಿಯಬೇಕೇ ಎಂಬ ಬಿಗುಮಾನ ಅಡ್ಡ ಬಂತು. ಮುಖಾಮುಖಿಯಾಗಿಯೇ ಕೇಳುತ್ತೇನೆ ಎಂದು ರೈಲು ಹತ್ತಿದಳು.

ಊರು ಮುಟ್ಟುವ ಹೊತ್ತಿಗೆ ಸಂಜೆಯಾಗಿತ್ತು. ರಾತ್ರಿಯೆಲ್ಲ ಅವಳೂ ಅತ್ತಿಗೆಯೂ ಬೀದಿ ಬೀದಿ ಸುತ್ತಿದರು. ಬೇರೆ ಕಡೆ ಹುಡುಕಲು ಹೋಗಿದ್ದ ಅಣ್ಣ ಬಂದದ್ದು ಬೆಳಗಾದ ಮೇಲೆ. ಮಂಜಿನಲ್ಲಿ ಒದ್ದೆಯಾದ ಕೋಟು, ಕೆಂಪಾದ ಕಣ್ಣು. ಅಡುಗೆಮನೆಯ ಬಾಗಿಲಲ್ಲೇ ಅವಳು ಅವನ ಮೇಲೆ ಹರಿಹಾಯ್ದಳು.

"ನನ್ನ ಮೇಲಿನ ಸಿಟ್ಟು ಅಪ್ಪನ ಮೇಲೆ ತೀರಿಸ್ಕೋತೀಯಾ? ನಿನ್ನ ಪತ್ರಿಕೇಲಿ ಒಂದು ಮಾತು ಹಾಕೋಕೂ ನಿನಗೆ ಕೈ ಬರಲಿಲ್ವಾ?"

ಅಣ್ಣ ಅರ್ಥವಾಗದವನಂತೆ ನೋಡಿದ. "ಹಾಕಿದ್ದೀನಲ್ಲೇ. ನಿನ್ನೆ ಹತ್ತು ಗಂಟೆಗೇ ಹಾಕಿದೆ. ಮೂಲೇಲಿ."

"ಎಲ್ಲಿ? ಸುಳ್ಳು ಹೇಳಬೇಡ. ನಾನೇ ನೋಡಿದ್ದೀನಿ."

ಅವನು ಅವಳ ತೋಳು ಹಿಡಿದು ಮುಂದಿನ ಕೋಣೆಗೆ ಕರೆದುಕೊಂಡು ಹೋಗಿ ಕಂಪ್ಯೂಟರ್ ತೋರಿಸಿದ. ಹಳೆಯ ಕಂಪ್ಯೂಟರು, ಅದರಲ್ಲಿದ್ದದ್ದು ಎದುರು ಕಂಪನಿಯ ಬ್ರೌಸರ್, ಅಣ್ಣ ತನ್ನ ಪುಟವನ್ನು ದಿನವೂ ನೋಡುತ್ತಿದ್ದದ್ದು ಅದರಲ್ಲೇ. ಮೇಲಿನ ಬಲಮೂಲೆಯಲ್ಲಿ ಅಪ್ಪ ಇದ್ದ. ಬಿಳಿ ಗಡ್ಡ, ಎಡಕ್ಕೆ ವಾಲಿದ ಕನ್ನಡಕ, ಕೆಳಗೆ ಕೆಂಪಕ್ಷರದಲ್ಲಿ "ಕಾಣೆಯಾಗಿದ್ದಾರೆ. ಕಂಡವರು ಅಲ್ಲೇ ಕೂರಿಸಿಕೊಂಡು ಫೋನು ಮಾಡಿ." ಅವಳು ತನ್ನ ಫೋನನ್ನು ಪರದೆಯ ಪಕ್ಕದಲ್ಲಿ ಹಿಡಿದಳು. ಅದೇ ಪುಟ, ಅದೇ ಸುದ್ದಿಗಳು. ಮೂಲೆಯಲ್ಲಿ ಏನೂ ಇಲ್ಲ. ಚೌಕವಿತ್ತು ಎಂಬ ಗುರುತು ಸಹ ಇಲ್ಲ.

ಅಣ್ಣ ಪರದೆ ನೋಡಿದ, ಫೋನು ನೋಡಿದ, ಆಮೇಲೆ ತಂಗಿಯನ್ನು ನೋಡಿದ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ಅವನು ಬೈಯಲಿಲ್ಲ.

"ಸುದ್ದಿ ಬರೆಯೋ ಜಾಗದಲ್ಲಿ ಹಾಕು, ಎಲ್ಲಕ್ಕಿಂತ ಮೇಲೆ, ಬೇಗ" ಎಂದಳು. ಅವಸರಕ್ಕೆ ಅಣ್ಣ ಅಕ್ಷರ ತಪ್ಪಿಸುತ್ತಿದ್ದ, ಅವಳೇ ಕುಳಿತು ಟೈಪು ಮಾಡಿದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗಾಯಿತು. ಹತ್ತು ನಿಮಿಷದಲ್ಲಿ ಮೂರು ಫೋನು ಬಂದವು. ಮೂರನೆಯದು ಬಸ್ಸುಗಳ ಕೊನೆಯ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಗುಮಾಸ್ತನದು.

"ಅಯ್ಯೋ, ಈ ಅಜ್ಜ ನಿನ್ನೆ ಇಡೀ ದಿನ ನನ್ನ ಕಿಟಕಿ ಪಕ್ಕದ ಬೆಂಚಿನ ಮೇಲೇ ಇದ್ರಲ್ಲ! ನಾಲ್ಕು ಗಂಟೆವರೆಗೂ ಇದ್ರು."

ಅಪ್ಪ ಸಿಕ್ಕಿದ್ದು ನಿಲ್ದಾಣದ ಹಿಂದಿನ ಹಳೆಯ ಗೋದಾಮಿನ ಬಳಿ. ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ದಣಿದು ಕುಳಿತ ಕೆಲಸಗಾರನ ಹಾಗೆ ಕುಳಿತಿದ್ದ. ಬಲಗೈಯ ಬೆರಳುಗಳಿಗೆಲ್ಲ ಗೋಡೆಯ ಸುಣ್ಣ ಮೆತ್ತಿತ್ತು. ರಬ್ಬರು ಆ ಬೆರಳುಗಳನ್ನು ಹಿಡಿದುಕೊಂಡಳು. ತಣ್ಣಗಿದ್ದವು. ಚಳಿ ತಡೆಯದೆ ಬೆಳಗಿನ ಜಾವದ ಹೊತ್ತಿಗೆ ಜೀವ ಹೋಗಿದೆ ಎಂದು ಡಾಕ್ಟರು ಹೇಳಿದರು. ಅವಳು "ಅಪ್ಪಾ, ಅಪ್ಪಾ" ಎಂದು ಗೋಡೆಗೆ ಹಣೆ ಹೊಡೆದುಕೊಂಡು ಅತ್ತಳು, ಅಣ್ಣನೇ ಹಿಡಿದು ಎಬ್ಬಿಸಬೇಕಾಯಿತು.

ಗುಮಾಸ್ತ ಅಲ್ಲೇ ನಿಂತಿದ್ದ. ಒಳ್ಳೆಯ ಮನುಷ್ಯ. ನಿನ್ನೆ ಅಪ್ಪನಿಗೆ ಎರಡು ಸಲ ಟೀ ತರಿಸಿ ಕೊಟ್ಟಿದ್ದ, ತನ್ನ ಡಬ್ಬಿಯ ಊಟದಲ್ಲಿ ಅರ್ಧ ಕೊಟ್ಟಿದ್ದ. ಅವನ ಕಣ್ಣಲ್ಲೂ ನೀರಿತ್ತು.

"ನಾನು ಬರೆದ ಗೋಡೆ ಎಲ್ಲಿ, ಒಣಗಿದ್ಯಾ ನೋಡ್ಬೇಕು ಅಂತಿದ್ರು ತಾಯಿ. ಹಿಂದ್ಗಡೆ ಗೋದಾಮಿದೆ, ಅದೇ ಇರಬಹುದು ತಾತ ಅಂದೆ. ನಾನೇ ದಾರಿ ತೋರಿಸಿದ ಹಾಗಾಯ್ತು. ಕಳೆದುಹೋದೋರ ಥರ ಕಾಣ್ತಾರಲ್ಲ ಅಂತ ನನಗೂ ಅನುಮಾನ ಬಂದಿತ್ತು. ಅದಕ್ಕೇ ಮೂಲೆ ನೋಡಿದೆ."

"ಮೂಲೆ ನೋಡಿದ್ರಾ?"

"ನೋಡದೆ ಇರ್ತೀನಾ? ಎರಡೆರಡು ಸಲ ನೋಡಿದೆ. ಏನೂ ಇರಲಿಲ್ಲ. ಮೂಲೇಲಿ ಇಲ್ಲ ಅಂದ್ಮೇಲೆ ಯಾರೂ ಹುಡುಕ್ತಿಲ್ಲ, ಇಲ್ಲೇ ಹತ್ತಿರದೋರು, ತಾವೇ ಮನೆಗೆ ಹೋಗ್ತಾರೆ ಅಂದ್ಕೊಂಡೆ." ಅವನು ತನ್ನ ಫೋನನ್ನು ಅವಳ ಮುಂದೆ ಹಿಡಿದ, ಸಾಕ್ಷಿ ತೋರಿಸುವವನ ಹಾಗೆ. ಅದರಲ್ಲಿದ್ದದ್ದು ಅವಳ ಕಂಪನಿಯ ಬ್ರೌಸರ್. "ಆರೇಳು ತಿಂಗಳಿಂದ ಮೂಲೇಲಿ ಒಂದು ಸಾವಿಲ್ಲ, ಒಂದು ಕಳವಿಲ್ಲ. ಊರು ಸುಖವಾಗಿದೆ ಅಂತಾನೇ ಅಂದ್ಕೊಂಡಿದ್ದೆ ತಾಯಿ."

ರಬ್ಬರು ನಿಲ್ದಾಣಕ್ಕೆ ಬಂದು ಕಿಟಕಿಯ ಪಕ್ಕದ ಆ ಬೆಂಚಿನ ಮೇಲೆ ಕುಳಿತಳು. ಹನ್ನೆರಡೂವರೆಗೆ ಅವಳು ಪುಟ ತೆರೆದಿದ್ದಳು. ನಾಲ್ಕರವರೆಗೆ ಅಪ್ಪ ಇದೇ ಬೆಂಚಿನ ಮೇಲೆ ಜೀವಂತ ಕುಳಿತು ಟೀ ಕುಡಿಯುತ್ತಿದ್ದ. ನಡುವೆ ಮೂರೂವರೆ ಗಂಟೆ. ಒಂದು ಫೋನು ಮಾಡಿದ್ದರೆ, ಎಲ್ಲಿ ಹಾಕಿದ್ದೀಯಾ ಅಣ್ಣ ಎಂದು ಒಂದೇ ಮಾತು ಕೇಳಿದ್ದರೆ ಆಗುತ್ತಿತ್ತು.

ಮೂರನೆಯ ದಿನ ಅವಳು ಸಾಹೇಬರಿಗೆ ನಡೆದದ್ದನ್ನೆಲ್ಲ ಬರೆದು, ಒಂದೇ ಒಂದು ಸಾಲನ್ನು ವಾಪಸ್ ಹಾಕಲು ಅನುಮತಿ ಕೊಡಿ ಎಂದು ಬೇಡಿದಳು. ಸಾಹೇಬರು ಕೆಟ್ಟವರಲ್ಲ. ತಾವೇ ಫೋನು ಮಾಡಿದರು, ತುಂಬ ಹೊತ್ತು ಸಮಾಧಾನ ಹೇಳಿದರು, ಬೇಕಾದಷ್ಟು ದಿನ ರಜೆ ತಗೊಳ್ಳಿ ಎಂದರು. "ಆದ್ರೆ ಆ ಸಾಲು ಈಗ ಆಗಲ್ಲ ಮೇಡಂ. ಕೋರ್ಟಿನಲ್ಲಿ ಕೇಸು ನಡೀತಿದೆ. ನೀವೇ ಯೋಚನೆ ಮಾಡಿ, ಪಟ್ಟಿ ಬರೆಯೋರ ಅಣ್ಣನ ಪುಟಕ್ಕೇ ವಿನಾಯಿತಿ ಅಂದ್ರೆ ಅವರು ಬಿಡ್ತಾರಾ?" ಎಲ್ಲರಿಗೂ ಒಂದೇ ನಿಯಮ ಎಂಬುದು ಅವಳದೇ ಮಾತಾಗಿತ್ತು. ಆಮೇಲೆ ಕುಳಿತು ಹಳೆಯ ಪಟ್ಟಿಯ ದಾಖಲೆ ತೆಗೆದು ನೋಡಿದಳು. "ಅಪ್ಪನ ಮೂಲೆ. ಮುಟ್ಟಬೇಡಿ." ಬರೆದವರ ಹೆಸರು ಅವಳದು. ಅಳಿಸಿದವರ ಹೆಸರೂ ಅವಳದು.

ಆ ಸಂಜೆ ಮುಂದಿನ ಕೋಣೆಯಲ್ಲಿ ಅಣ್ಣ ಅಪ್ಪನ ಸಾವಿನ ಸುದ್ದಿ ಬರೆಯುತ್ತ ಕುಳಿತಿದ್ದ. ಎಷ್ಟು ಗೋಡೆ ಬರೆದ, ಯಾವ ಯಾವ ಅಂಗಡಿಗಳ ಮೇಲೆ ಅವನ ಕೈಬರಹ ಇನ್ನೂ ಉಳಿದಿದೆ ಎಂದೆಲ್ಲ ಬರೆದ. ಕಾಣೆಯಾದವರ ಚೌಕದಲ್ಲಿದ್ದ ಅದೇ ಫೋಟೋವನ್ನು ತೆಗೆದುಕೊಂಡ. ಆಮೇಲೆ ಕೈ ನಿಂತಿತು. ಇಷ್ಟು ವರ್ಷ ಊರಿನಲ್ಲಿ ಯಾರೇ ಸತ್ತರೂ ಎಲ್ಲಿ ಹಾಕಬೇಕೆಂದು ಯೋಚಿಸಿದವನಲ್ಲ. ಬಾಗಿಲಲ್ಲಿ ನಿಂತಿದ್ದ ತಂಗಿಯ ಕಡೆ ತಿರುಗಿದ.

"ರಬ್ಬರೂ" ಎಂದ. ಆರು ತಿಂಗಳ ಮೇಲೆ ಅವನ ಬಾಯಲ್ಲಿ ಆ ಹೆಸರು ಬಂದಿತ್ತು. ದನಿಯಲ್ಲಿ ಕುಟುಕು ಇರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದ. "ನಿನಗೆ ಗೊತ್ತಲ್ಲ, ಹೇಳು. ಎಲ್ಲಿ ಹಾಕಿದ್ರೆ ಅಪ್ಪ ಕಾಣ್ತಾನೆ?"

ಅವಳು ಬಂದು ಅವನ ಪಕ್ಕದಲ್ಲಿ ಕುಳಿತಳು. 

"ಮಧ್ಯದಲ್ಲಿ ಹಾಕು ಅಣ್ಣಾ. ಮೂಲೇಲಿ ಬೇಡ."

ಅಣ್ಣ ಮಧ್ಯದಲ್ಲಿ ಹಾಕಿದ. ಬಲಮೂಲೆಯ ಚೌಕವನ್ನು ತಾನೇ ಕೈಯಾರೆ ತೆಗೆದುಹಾಕಿದ.